ಹಿಗ್ಗುವ ಹಗ್ಗದ ಮೇಲೆ ಕೂತ ನನ್ನ ಮೈದುನ

ನಮ್ಮೂರ ರಸ್ತೆಯ ಮೋರಿ ಕುಸಿದು ಎರಡು ತಿಂಗಳಾಯಿತು. ಅಂದಿನಿಂದ ಸಾಸಲು, ವಿಜಯಪುರದ ಕಡೆ ಹೋಗುವ ಗಾಡಿಗಳೆಲ್ಲ ಕೆರೆ ಅಂಗಳಕ್ಕೆ ಇಳಿದೇ ಹೋಗಬೇಕು. ನಾಲ್ಕು ಹನಿ ಬಿದ್ದರೆ ಸಾಕು, ಅಂಗಳ ರಾಗಿ ಅಂಬಲಿಯಾಗುತ್ತದೆ. ಅಲ್ಲಿ ಹೂತುಕೊಂಡ ಗಾಡಿಗಳನ್ನು ಎಣಿಸಲು ನನ್ನ ಕೈಬೆರಳು, ಕಾಲ್ಬೆರಳು ಸಾಲುವುದಿಲ್ಲ. ಊರವರ ಬೆರಳನ್ನೆಲ್ಲ ಕೇಳಿ ತರಬೇಕು.

ಮೊನ್ನೆ ಹೂತುಕೊಂಡದ್ದು ನನ್ನ ಮೈದುನ ದೊಡ್ಡಮುನಿಯಪ್ಪನ ಪಿಕಪ್ಪು. ಅದರ ತುಂಬ ರೇಷ್ಮೆ ಗೂಡು. ಮಳೆಯಿಂದಾಗಿ ಗೂಡು ಬಿಡಿಸುವುದೇ ಮೂರು ದಿನ ತಡವಾಗಿತ್ತು. ಆವತ್ತೇ ವಿಜಯಪುರದ ಗೂಡಿನ ಮಾರ್ಕೆಟ್ಟು ಮುಟ್ಟದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಗೂಡನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಗಾಡಿ ಓಡಿಸುತ್ತಿದ್ದವನು ಮೈದುನನ ಮಗ ಕೆಂಪರಾಜು, ಪಕ್ಕದಲ್ಲಿ ಮೈದುನ. ವಿಜಯಪುರದಲ್ಲಿ ಡಾಕ್ಟರಿಗೆ ಕಣ್ಣು ತೋರಿಸಬೇಕೆಂದು ನಾನೂ ಹತ್ತಿಕೊಂಡಿದ್ದೆ. ಕೆಂಪರಾಜು ಗಾಡಿಯನ್ನು ರೊಂಯ್ ಅನ್ನಿಸಿದಷ್ಟೂ ಚಕ್ರ ಕೆಳಗೆ ಇಳಿಯಿತು. ಇನ್ನೆರಡು ಸಲ ಅನ್ನಿಸಿದ್ದರೆ ಟೈರು ಆದಿಶೇಷನ ಹೆಡೆಗೆ ತಾಗುತ್ತಿತ್ತು.

ಅಷ್ಟರಲ್ಲಿ ಏರಿ ಕಡೆಯಿಂದ ಒಂದು ಜೀಪು ಬಂತು. ಅದರ ಚಕ್ರ ಒಂದೊಂದೂ ಎಣ್ಣೆ ಗಾಣದಷ್ಟು ದಪ್ಪ. ಮೈಯೆಲ್ಲ ಕೆಸರು. ಇಳಿದವಳು ಮೂವತ್ತರ ಒಂದು ಹೆಣ್ಣುಮಗಳು. ಹೆಸರು ಮಮತ, ನೆಲಮಂಗಲದ ಗೋಡೌನಿನಲ್ಲಿ ಕೆಲಸ.

"ಯಾರಿಗೂ ಏನೂ ಆಗಿಲ್ವಾ ಅಜ್ಜಿ?"

"ನಮ್ಗೇನಾಗಿಲ್ಲ ಕಣವ್ವ. ಗೂಡಿಗೆ ರೆಕ್ಕೆ ಬರೋ ಹೊತ್ತಾಯ್ತು. ನೀನ್ಯಾಕೆ ಈ ಕೆಸರಿಗೆ ಬಂದೆ?"

"ರಜಾ ಸಿಕ್ರೆ ನಮ್ಗಿದೇ ಕೆಲ್ಸ. ನಾವು ಜೀಪ್ ಹುಚ್ಚಿನೋರು ಬೇಕೂಂತ ಬಂದು ಹೂತ್ಕೋತೀವಿ."

"ಅಯ್ಯೋ! ನಮ್ಮೂರಲ್ಲಿ ಅದು ಪುಕ್ಕಟೆ ಸಿಕ್ತದೆ, ವಾರಕ್ಕೊಂದ್ಸಲ ಬಾ."

ಮಮತ ನಕ್ಕು, ಜೀಪಿನ ಹಿಂದಿನಿಂದ ಹಗ್ಗ ತೆಗೆದಳು. ಹೆಬ್ಬಾವೇ ಸುರುಳಿ ಸುತ್ತಿ ಮಲಗಿದ ಹಾಗಿತ್ತು.

"ಇದು ಹಿಗ್ಗೋ ಹಗ್ಗ ಅಜ್ಜಿ."

"ಹಿಗ್ಗುತ್ತಾ? ಯಾರ ಮದ್ವೇಗವ್ವಾ?"

"ಹಂಗಲ್ಲ. ಎಳೆದ್ರೆ ಉದ್ದ ಆಗುತ್ತೆ. ಐದು ಮಾರು ಇರೋದು ಆರು ಮಾರು ಆಗುತ್ತೆ. ಆಮೇಲೆ ಕುಗ್ಗೋವಾಗ ಹೂತಿರೋ ಗಾಡೀನ ತನ್ ಕಡೆ ಎಳ್ಕೊಳುತ್ತೆ."

ದೊಡ್ಡಮುನಿಯಪ್ಪ ಮೂಗು ಮುರಿದ. "ಹಿಗ್ಗೋದು ಹಗ್ಗಾನಾ? ಅದು ಚಡ್ಡಿ ಲಾಡಿ. ಲೇ ಕೆಂಪ, ನಮ್ ಸರಪಳಿ ತತ್ತಾರ್ಲಾ."

"ಬೇಡ ತಾತ. ಸರಪಳಿ ಹಿಗ್ಗಲ್ಲ. ಜಗ್ಗಿದ್ ಏಟಿಗೆ ಒಂದೋ ಅದು ಹರಿಯುತ್ತೆ, ಇಲ್ಲ ಗಾಡಿ ಮೂತಿ ಕಿತ್ತು ಬರುತ್ತೆ. ಈ ಹಗ್ಗಕ್ಕೆ ಸರಪಳಿ ಸೇರ್ಸೋದೂ ಬೇಡ, ಗಂಟು ಹಾಕೋದೂ ಬೇಡ."

ಅವಳು ಹಗ್ಗದ ಒಂದು ತುದಿಯನ್ನು ಜೀಪಿನ ಹಿಂದಕ್ಕೆ ಸಿಕ್ಕಿಸುತ್ತಿದ್ದಳು. ಅಷ್ಟರಲ್ಲಿ ನನ್ನ ಮೈದುನ ಇನ್ನೊಂದು ತುದಿಯನ್ನು ಪಿಕಪ್ಪಿನ ಬಂಪರಿನ ಕೆಳಗಿದ್ದ ಕಬ್ಬಿಣದ ಕೊಂಡಿಗೆ ಹಾಕಿ, ಪಂಚೆ ಮೇಲೆತ್ತಿ, ನೆಲದಲ್ಲಿ ಬಿದ್ದಿದ್ದ ಹಗ್ಗದ ನಟ್ಟನಡುವೆ ಕೂತೇಬಿಟ್ಟ. ಥೇಟ್ ಮೊಟ್ಟೆಗೆ ಕೂತ ಕೋಳಿ.

ಮಮತ ತಿರುಗಿ ನೋಡಿ ಬೆಚ್ಚಿದಳು. "ತಾತಾ! ಅಲ್ಯಾಕೆ ಕೂತ್ರಿ?"

"ಹಗ್ಗ ಅಂದ್ಮೇಲೆ ಆಳಿನ ಭಾರ ಬೀಳ್ಬೇಕು ಕಣಮ್ಮ. ನೀನು ಹುಟ್ಟೋಕ್ ಮುಂಚೇನೇ ನಾನು ಹಗ್ಗದ್ ಮೇಲೆ ಕೂತಿದ್ದೋನು."

ಅವನು ಹೇಳಿದ್ದು ಸುಳ್ಳಲ್ಲ. ಹಿಂದೆ ನಮ್ಮ ತೋಟದಲ್ಲಿ ಕಪಿಲೆ ಬಾವಿ ಇತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ಆಳು ಹಗ್ಗದ ಮೇಲೆ ಕೂರುತ್ತಿದ್ದ. ಅವನ ಭಾರಕ್ಕೆ ನೀರು ತುಂಬಿದ ಬಾನಿ ಮೇಲೆ ಬರುತ್ತಿತ್ತು. ಹುಡುಗನಾಗಿದ್ದಾಗ ಮೈದುನ ಆ ಕೆಲಸದಲ್ಲಿ ನಿಸ್ಸೀಮ. ಅಂಥ ಹಗ್ಗದ ಮೇಲೆ ಕೂತೇ ಊರಿನ ಅರ್ಧ ನೀರು ಸೇದಿದೆ ಎಂದು ಈಗಲೂ ಕೊಚ್ಚಿಕೊಳ್ಳುತ್ತಾನೆ.

ಮಮತ ಜೀಪಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು. "ನೀವು ಏಳೋವರ್ಗೂ ಜೀಪು ಸ್ಟಾರ್ಟ್ ಆಗಲ್ಲ ತಾತ."

"ನಾನು ಏಳಲ್ಲ. ನನ್ ಗೂಡು ಹಾಳಾಯ್ತದೆ, ಎಳಿಯಮ್ಮ!"

"ಎಳಿಯಲ್ಲ."

ಕೆಂಪರಾಜು ಅಪ್ಪನ ಮುಖ ನೋಡಿದ, ಗೂಡಿನ ಕ್ರೇಟು ನೋಡಿದ, ಮೊಬೈಲಿನಲ್ಲಿ ಹೊತ್ತು ನೋಡಿದ. ಹರಾಜಿಗೆ ಇನ್ನು ಎರಡು ಗಂಟೆಯೂ ಇರಲಿಲ್ಲ.

ನನಗೆ ಮಾತ್ರ ಬೇರೆಯೇ ಯೋಚನೆ ಹತ್ತಿತ್ತು. ಕೇಳದೆ ಇದ್ದರೆ ನನಗೆ ಉಂಡ ಅನ್ನ ಕರಗುವುದಿಲ್ಲ.

"ಅಲ್ಲವ್ವ ಮಮತಾ, ಜೀಪು ಎಳೆದಾಗ ಗಾಡಿ ತಕ್ಷಣ ಬರಲ್ಲ, ಹಗ್ಗ ಹಿಗ್ತದೆ ಅಂದೆ. ಹಂಗಾದ್ರೆ ಜೀಪಿನ ಬಲ ಎಲ್ಲೋಗಿರ್ತದೆ?"

"ಹಗ್ಗದೊಳ್ಗೇ ಕೂತಿರುತ್ತೆ ಅಜ್ಜಿ. ಕ್ಯಾಟರ್‌ಬಿಲ್ಲಿನ ರಬ್ಬರ್ ಎಳೆದು ಹಿಡ್ಕೊಂಡಂಗೆ."

"ಓಹೋ. ಕ್ಯಾಟರ್‌ಬಿಲ್ಲಾದ್ರೆ ಕಲ್ಲು ಬೇಕಲ್ಲ? ಇದ್ರಲ್ಲಿ ಕಲ್ಲು ಯಾವ್ದು?"

ಮಮತ ಹಗ್ಗದ ಕಡೆ ಕೈ ತೋರಿಸಿದಳು. "ನೀವೇ ನೋಡಿ ಹೇಳಿ" ಅಂದಳು.

ನಾನು ಹಗ್ಗವನ್ನೇ ನೋಡುತ್ತಾ ಹೋದೆ. ಈ ತುದಿಗೆ ಜೀಪು. ಆ ತುದಿಗೆ ಕಬ್ಬಿಣದ ಕೊಂಡಿ.

"ಆ ಕೊಂಡೀನಾ?"

"ಅದೇ ಅಜ್ಜಿ."

"ಅದು ಕಿತ್ಕೊಂಡ್ರೆ ಎತ್ಲಾಗ್ ಹೋಯ್ತದೆ?"

"ಹಗ್ಗ ಎತ್ಲಾಗ್ ಕುಗ್ಗುತ್ತೋ ಅತ್ಲಾಗೆ. ಜೀಪ್ ಕಡೆ. ಕಣ್ಣಿಗೂ ಕಾಣದಷ್ಟು ಜೋರಾಗಿ."

ಜೀಪಿಗೂ ಕೊಂಡಿಗೂ ನಡುವೆ ಕೂತಿದ್ದವನು ಯಾರು? ನಮ್ಮ ಕೋಳಿ.

"ಆ ಕೊಂಡಿಗೆ ಆನೆ ಕಟ್ಟಿದ್ರೂ ಕೀಳಲ್ಲ. ನಾನೇ ನಿಂತು ವೆಲ್ಡಿಂಗ್ ಮಾಡ್ಸಿದ್ದು" ಅಂದ ಮೈದುನ. ಆದರೆ ದನಿ ಸ್ವಲ್ಪ ಇಳಿದಿತ್ತು.

ಮಮತ ಹಗ್ಗದ ತುದಿಯನ್ನು ಕೊಂಡಿಯಿಂದ ಬಿಡಿಸಿ, ಜಾಕಿನ ರಾಡನ್ನು ಕೆಂಪರಾಜುವಿನ ಕೈಗೆ ಕೊಟ್ಟಳು. "ಅಣ್ಣ, ಒಂದೆರಡು ಏಟು ಹಾಕಿ ನೋಡಿ."

ಕೆಂಪರಾಜು ಒಂದು ಏಟು ಹಾಕಿದ. ಎರಡು ಹಾಕಿದ. ಮೂರನೆಯದಕ್ಕೆ ಕೊಂಡಿ ಟಣ್ ಎಂದು ಕೆಸರಿಗೆ ಬಿತ್ತು. ಒಳಗೆಲ್ಲ ತುಕ್ಕು. ಕೆಂಪರಾಜು ಅದನ್ನು ತಂದು ಅಪ್ಪನ ಅಂಗೈ ಮೇಲಿಟ್ಟ. ಎರಡು ಸೇರಾದರೂ ತೂಗುತ್ತಿತ್ತು. ಮೈದುನ ಕೊಂಡಿ ನೋಡಿದ, ತನ್ನ ಎದೆ ನೋಡಿಕೊಂಡ. ಆಮೇಲೆ ಎದ್ದ ನೋಡಿ, ಎಪ್ಪತ್ತಾರು ವರ್ಷದವನು ಆರು ತಿಂಗಳ ಕರುವಿನಂತೆ ನೆಗೆದು ಎದ್ದ.

"ಯಾಕಪ್ಪ ಎದ್ಬಿಟ್ಟೆ? ಭಾರ ಬೇಕಿತ್ತಲ್ಲ?" ಅಂದೆ.

"ಸುಮ್ನಿರತ್ತಿಗೆ" ಅಂದ. ಆಮೇಲೆ ಮೆಲ್ಲಗೆ, "ಹಂಗಾದ್ರೆ ಎಲ್ಲಿಗಮ್ಮ ಕಟ್ಟೋದು?" ಎಂದು ಮಮತಳನ್ನು ಕೇಳಿದ.

ಅವಳು ಕೆಸರಿನಲ್ಲೇ ಮಲಗಿ ಗಾಡಿಯ ಅಡಿ ತೋರಿಸಿದಳು. ಅಲ್ಲಿ ಕಂಪನಿಯವರೇ ಚಾಸಿಗೆ ಬೋಲ್ಟು ಹಾಕಿ ಕೂರಿಸಿದ ಎಳೆಯುವ ಕೊಕ್ಕೆ ಇತ್ತು. "ಇಲ್ಲಿ ಮಾತ್ರ ತಾತ. ಬಂಪರಿಗೆ ಬೇಡ, ಟ್ರೇಲರ್ ಸಿಕ್ಸೋ ಕಬ್ಬಿಣದ ಉಂಡೆಗಂತೂ ಬೇಡ್ವೇ ಬೇಡ." ಕಬ್ಬಿಣದ ಕೊಂಡಿಯ ಬದಲು ಗಟ್ಟಿ ಹಗ್ಗದ್ದೇ ಒಂದು ಬಳೆ ಹಾಕಿದಳು. ಅಕಸ್ಮಾತ್ ಹಾರಿದರೂ ಅದಕ್ಕೆ ಕಬ್ಬಿಣದ ಭಾರ ಇರುವುದಿಲ್ಲವಂತೆ. ಹಗ್ಗದ ಉದ್ದಕ್ಕೂ ಕೈಯಾಡಿಸಿ, ಎಲ್ಲೂ ಕತ್ತರಿಸಿಲ್ಲ, ಎಳೆ ಬಿಟ್ಟಿಲ್ಲ ಎಂದು ನೋಡಿದಳು. ಕೆಂಪರಾಜು ಚಕ್ರದ ಮುಂದಿನ ಕೆಸರನ್ನೆಲ್ಲ ಸಲಿಕೆಯಲ್ಲಿ ಬಗೆದ. ಒದ್ದೆ ಗೋಣಿಚೀಲವೊಂದನ್ನು ಹಗ್ಗದ ನಡುವೆ ಹೊದಿಸಿದರು. ಹಗ್ಗ ಹರಿದರೂ ಹಾರುವ ರಭಸ ಒಂದಿಷ್ಟು ತಗ್ಗಲಿ ಎಂದು. ಹಾಗೆಂದು ಗೋಣಿಚೀಲ ನಂಬಿ ಹತ್ತಿರ ನಿಲ್ಲಬಾರದು ಎಂದೂ ಹೇಳಿದಳು.

ಅಷ್ಟು ಹೊತ್ತಿಗೆ ಹಿಪ್ಪುನೇರಳೆ ತೋಟಗಳಿಂದ ಇಡೀ ತಾಲ್ಲೂಕೇ ಬಂದು ನಿಂತಿತ್ತು. ಎಲ್ಲರ ಕೈಯಲ್ಲೂ ಮೊಬೈಲು.

"ಹಗ್ಗದ ಎರಡರಷ್ಟು ದೂರ ಹೋಗಿ. ಹಗ್ಗದ ನೇರಕ್ಕೆ ಯಾರೂ ನಿಲ್ಬೇಡಿ, ದಾಟ್ಬೇಡಿ" ಅಂದಳು ಮಮತ. "ಅಜ್ಜಿ, ಸನ್ನೆ ನಿಮ್ದು. ನಂಗೂ ಪಿಕಪ್ಪಲ್ಲಿ ಕೂರೋ ಅಣ್ಣಂಗೂ ಕಾಣೋ ಹಂಗೆ ದೂರ, ಪಕ್ಕಕ್ಕೆ ನಿಂತ್ಕೊಳಿ. ಕೈ ಎತ್ತಿದ್ರೆ ಹೊರಡ್ತೀನಿ. ಇಳಿಸಿದ್ರೆ ನಿಲ್ಲಿಸ್ತೀನಿ. ಬೇರೆ ಯಾರ್ ಕೂಗಿದ್ರೂ ಕೇಳಲ್ಲ."

ಇಡೀ ಆಯುಷ್ಯದಲ್ಲಿ ನನ್ನ ಮಾತು ಒಬ್ಬರೂ ಕೇಳಿದ್ದಿಲ್ಲ. ಈಗ ನನ್ನ ಕೈಯಲ್ಲಿ ಎರಡು ಗಾಡಿ! ಜನರನ್ನೆಲ್ಲ ಕೋಳಿ ಅಟ್ಟಿದ ಹಾಗೆ ಅಟ್ಟಿ, ಕೈ ಎತ್ತಿದೆ.

ಜೀಪು ಟಗರಿನಂತೆ ನುಗ್ಗಲಿಲ್ಲ. ಬಸುರಿ ಹೆಂಗಸು ನಡೆದ ಹಾಗೆ ನಿಧಾನಕ್ಕೆ ಹೋಯಿತು. ಹಗ್ಗ ನೆಲ ಬಿಟ್ಟು ಎದ್ದಿತು, ಹಿಗ್ಗಿತು, ತೆಳ್ಳಗಾಯಿತು. ಪಿಕಪ್ಪು ಅಲುಗಾಡಿತು, ಬರಲಿಲ್ಲ. ನಾನು ಕೈ ಇಳಿಸಿದೆ. ಜೀಪು ನಿಂತಿತು.

"ಜೋರಾಗ್ ಗುದ್ದಮ್ಮಾ!" ಎಂದು ಜನ ಕೂಗಿದರು. ಮಮತ ಕೇಳಲಿಲ್ಲ. ಜೀಪನ್ನು ಹಿಂದಕ್ಕೆ ತಂದು ಹಗ್ಗ ಸಡಿಲ ಮಾಡಿ, ಇನ್ನೊಂದಿಷ್ಟು ಕೆಸರು ಬಗೆಸಿದಳು. ಎರಡನೇ ಸಲ ಕೈ ಎತ್ತಿದಾಗ ಗಾಡಿ ಚಳಕ್ ಎಂದು, ಹಾಲುಹಲ್ಲು ಕಿತ್ತಷ್ಟು ಸಲೀಸಾಗಿ ಹೊರಬಂತು.

ಹರಾಜಿಗೆ ಸರಿಯಾಗಿ ಮುಟ್ಟಿದೆವು. ಗೂಡು ಒಂದೂ ಹಾಳಾಗಲಿಲ್ಲ. ದಾರಿಯುದ್ದಕ್ಕೂ ಮೈದುನ ಆ ತುಕ್ಕು ಕೊಂಡಿಯನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದ. ಕಪಿಲೆ ಬಾವಿಯ ಜಂಬ ಒಂದು ಸಲವೂ ಕೊಚ್ಚಲಿಲ್ಲ. ಅದೇ ದೊಡ್ಡ ಪವಾಡ.

ಅಕ್ಕಂದಿರೇ, ಅಣ್ಣಂದಿರೇ, ಓದು ಬಾರದ ನನಗೇ ಇದು ತಿಳಿಯಿತು, ನಿಮಗೆ ತಿಳಿಯದೆ ಇರುತ್ತದೆಯೇ? ಹಿಗ್ಗುವ ಹಗ್ಗ ಒಳ್ಳೆಯದೇ. ಅಂಗಡಿಯಲ್ಲಿ ನಿಮ್ಮ ಗಾಡಿಯ ಭಾರ ಹೇಳಿ, ಅದಕ್ಕೆ ತಕ್ಕದ್ದನ್ನೇ ತನ್ನಿ. ಮೊದಲು ಕೆಸರು ಬಗೆಯಿರಿ, ಚಾಸಿಯ ಕೊಕ್ಕೆಗೇ ಕಟ್ಟಿ, ನಿಧಾನಕ್ಕೆ ಎಳೆಯಿರಿ. ಎರಡು ಮೂರು ಸಲಕ್ಕೂ ಬರದಿದ್ದರೆ ಹಟ ಮಾಡಬೇಡಿ, ತಿಳಿದವರನ್ನು ಕರೆಯಿರಿ. ಗೂಡು ಹಾಳಾದರೆ ಇನ್ನೆರಡು ತಿಂಗಳಿಗೆ ಇನ್ನೊಂದು ಬೆಳೆ ಬರುತ್ತದೆ. ಮೈದುನ ಹೋದರೆ ನಾನು ಯಾರನ್ನು ರೇಗಿಸಲಿ? ನಿಮ್ಮ ಮನೆಯಲ್ಲೂ ಅಂಥವನೊಬ್ಬ ಇದ್ದೇ ಇರುತ್ತಾನೆ. ಮೊದಲು ಅವನನ್ನು ದೂರ ನಿಲ್ಲಿಸಿ. ಆಮೇಲೆ ಕೈ ಎತ್ತಿ.