ಸೀಸದ ಹನಿಗೊಂದು ಹಾರೈಕೆ

ಬಿಷ್ಕೆಕ್‌ನ ಒಂದು ಜೀವವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ತಾಷ್ಟಾನ್‌ಬೆಕ್ ಅಗಾಯ್ ಅವರಿಗೆ ಹಾರೈಸುವ ಚಟ. ಹೊಸ ಕುರ್ಚಿ ಬಂದರೂ ಸರಿ, ಹಳೇ ನಲ್ಲಿ ರಿಪೇರಿಯಾದರೂ ಸರಿ, ಎರಡೂ ಅಂಗೈ ಬಿಚ್ಚಿ 'ಬಾತಾ' ಶುರು ಮಾಡಿಬಿಡುತ್ತಿದ್ದರು. 'ಓಮಿನ್' ಎಂದು ಮುಖ ಸವರಿಕೊಳ್ಳುವಷ್ಟರಲ್ಲಿ ಎಲ್ಲರ ಚಹಾ ತಣ್ಣಗಾಗಿರುತ್ತಿತ್ತು.

ಚಹಾ ಹಾಳಾಗಿ ಹೋಗಲಿ. ಬುರುಲ್ಚಾಳ ಹೊಟ್ಟೆ ಉರಿಯುತ್ತಿದ್ದುದು ಸೀಸದ ಹನಿಗಾಗಿ. ಮೂವತ್ತು ವರ್ಷದಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಕೂತವಳು ಅವಳು. ಜೀವಕೋಶ ತನ್ನ ಪೊರೆಯನ್ನೇ ಒಳಕ್ಕೆ ಮಡಚಿ ಹೊರಗಿನದನ್ನು ನುಂಗುವುದು ಕಾಣಬೇಕಾದರೆ, ಕೋಶದ ತೆಳು ಸೀಳಿಗೆ ಸೀಸದ ದ್ರಾವಣದಲ್ಲಿ ಬಣ್ಣ ಹಿಡಿಸಬೇಕು. ಆ ಹನಿಗೆ ಮನುಷ್ಯರ ಉಸಿರು ತಾಗಿತೋ, ಕೆಟ್ಟಿತು, ಕರಿ ಚುಕ್ಕೆ ಕಟ್ಟುತ್ತದೆ. ಆ ಹನಿಯಿದ್ದ ತಟ್ಟೆ ತೆರೆಯುವಾಗ ಅವಳು ಉಸಿರನ್ನೇ ಬಿಗಿಹಿಡಿಯುತ್ತಿದ್ದಳು.

ಅಗಾಯ್‌ಗೆ ಹತ್ತು ಸಲ ಹೇಳಿದ್ದಳು. "ಹಾರೈಕೆಯಿಂದ ಕೆಟ್ಟಿದ್ದುಂಟಾ, ಎಜೆ?" ಎಂದು, ಅಕ್ಕನನ್ನು ಕರೆದಂತೆ ಕರೆದು ನಕ್ಕು, ಅವತ್ತೂ ತಟ್ಟೆಯ ಮೇಲೇ ಬಗ್ಗಿದರು. ತಮ್ಮ ಚಿನ್ನದ ಕಣದ ಔಷಧಿಯನ್ನು ಕೋಶಗಳು ನುಂಗಲೆಂದು, ದೇಶಕ್ಕೆ ಕೀರ್ತಿ ಬರಲೆಂದು, ಕುದುರೆಗಳು ಚೆನ್ನಾಗಿ ಈಯಲೆಂದು ಇಪ್ಪತ್ತು ನಿಮಿಷ ಹಾರೈಸಿದರು.

ಚಿತ್ರದ ತುಂಬ ಕರಿ ಚುಕ್ಕೆ. ಚಿನ್ನದ ಕಣವೂ ಅಲ್ಲಿ ಕರಿ ಚುಕ್ಕೆಯಾಗಿಯೇ ಕಾಣುವುದು.

"ನೋಡಿದ್ರಾ ಎಜೆ, ಹೆಂಗೆ ನುಂಗಿದಾವೆ!"

"ಕೋಶ ಇಲ್ಲದ ಜಾಗದಲ್ಲೂ ಚುಕ್ಕೆ ಇದೆಯಲ್ಲ ಅಗಾಯ್, ಅದನ್ನ ಯಾರು ನುಂಗಿದ್ರು?"

"ಗುಂಡಿ ಒತ್ತೋರು ಗುಂಡಿ ಒತ್ಕೊಂಡಿರಿ! ನಾಳೆ ಔಷಧಿ ಪರೀಕ್ಷೆ ಮಾಡೋಕೆ ಸಮಿತಿ ಬರುತ್ತೆ. ಚಿತ್ರ ತೆಗೆದೋರು ಅಂತ ಕೆಳಗೆ ಸಹಿ ಹಾಕಿ. ಇಲ್ಲಾಂದ್ರೆ ಸೋಮವಾರದಿಂದ ಮನೇಲಿ ಬೋರ್ಸೋಕ್ ಕರೀತಾ ಕೂತ್ಕೊಳ್ಳಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಚಿತ್ರದ ಕೆಳಗೆ ಅವಳ ಹೆಸರಿರಲಿಲ್ಲ.

ಮರುದಿನ ಸಮಿತಿಯ ಎದುರಿಗೇ ಹೊಸ ತಟ್ಟೆ ತೆರೆದಳು. "ಅಗಾಯ್, ನಿಮ್ಮದೊಂದು ಬಾತಾ ಆಗಿಬಿಡಲಿ."

ಕೇಳಬೇಕೇ! ಸಮಿತಿಯ ಮುಂದೆ ಅವರ ಹಾರೈಕೆ ಇನ್ನೂ ಐದು ನಿಮಿಷ ಉದ್ದವಾಯಿತು.

ಚಿತ್ರ ಪರದೆಗೆ ಬಂದದ್ದೇ ತಡ, ಅಗಾಯ್ ಕುಣಿದಾಡಿದರು. "ಅಬ್ಬಬ್ಬಾ! ನಿನ್ನೆಗಿಂತ ಜಾಸ್ತಿ ಚಿನ್ನ!"

"ಈ ಕೋಶಗಳಿಗೆ ನಾನು ಚಿನ್ನ ಹಾಕೇ ಇಲ್ಲ ಅಗಾಯ್," ಎಂದು ಬುರುಲ್ಚಾ ಇನ್ನೊಂದು ಚಿತ್ರ ತೋರಿಸಿದಳು. ಅದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. "ಅದೇ ಕೋಶ. ಬೆಳಿಗ್ಗೆ ಮುಚ್ಚಳ ಹಾಕಿ, ಬಾಯಿ ಮುಚ್ಚಿ ಬಣ್ಣ ಹಿಡಿಸಿದ್ದು."

ಸಮಿತಿಯ ಹಿರಿಯರು ಕೆಮ್ಮಿದರು. "ಹಾಗಾದ್ರೆ ಈ ಚುಕ್ಕೆ ಎಲ್ಲಿಂದ ಬಂತು, ತಾಯಿ?"

ಅವಳು ಪೆನ್ನು ತೆಗೆದು ಚುಕ್ಕೆಯ ಚಿತ್ರದ ಕೆಳಗೆ ಬರೆದಳು: 'ಕೋಶ ನುಂಗಿದ ಚಿನ್ನ: ಇಲ್ಲ. ಚುಕ್ಕೆ: ನಿರ್ದೇಶಕರ ಉಸಿರು, ಇಪ್ಪತ್ತೈದು ನಿಮಿಷ.'

ಆಮೇಲೆ, ಅಗಾಯ್ ಕೇಳಿದ್ದ ಜಾಗದಲ್ಲೇ, ಸಹಿ ಹಾಕಿದಳು.