ಬೀಗ ಹಾಕಿದ ಮನೆಗಳ ಓಟು

ಆ ಬೀದಿಯ ಕೊನೆಯಲ್ಲಿ ಸಾಲಾಗಿ ಬೀಗ ಹಾಕಿದ ಮನೆಗಳು. ಅಲ್ಲಿದ್ದವರೆಲ್ಲ ತೀರಿಹೋಗಿ ವರ್ಷಗಳಾಗಿದ್ದವು. ಆದರೂ ಚುನಾವಣೆ ಬಂತೆಂದರೆ ಅವರ ಹೆಸರಿಗೆ ಚೀಟಿ ಬರುತ್ತಿತ್ತು. ಬಾಗಿಲ ಸಂದಿಗೆ ಸಿಕ್ಕಿಸಿದ ಚೀಟಿ ಮರುದಿನ ಇರುತ್ತಿರಲಿಲ್ಲ. ಗಾಳಿಗೆ ಹೋಗಿರಬೇಕು ಎಂದುಕೊಳ್ಳುತ್ತಿದ್ದಳು ಎದುರು ಮನೆಯ ಟೈಲರ್ ಅಕ್ಕ. ಒಳಗಿನಿಂದಲೇ ಯಾರೋ ಕೈ ಚಾಚಿ ತೆಗೆದುಕೊಂಡರೇನೋ ಎಂದು ಒಮ್ಮೊಮ್ಮೆ ಅನ್ನಿಸಿ ಮೈ ಜುಮ್ಮೆನ್ನುತ್ತಿತ್ತು.

ಒಂದು ಮಧ್ಯಾಹ್ನ ಅವಳು ಕಾಜಾ ಹೊಲಿಯುತ್ತಿದ್ದಾಗ ವಾಚನಾಲಯ ನೋಡಿಕೊಳ್ಳುವ ಗೆಳತಿ ಹೋದ ಸಲದ ಮತದಾರರ ಪಟ್ಟಿ ಹಿಡಿದು ಬಂದಳು. ಜೊತೆಗೆ ನರ್ಸ್ ಹುಡುಗಿ. ಬೀದಿ ಗುಡಿಸುವವಳ ಮಗಳು, ವಯಸ್ಸು ಇಪ್ಪತ್ತಾರು. ಒಂದು ಕಾಲಿಗೆ ಬಲವಿಲ್ಲ. ಊರುಗೋಲು ಹಿಡಿದೇ ಇಡೀ ವಾರ್ಡು ಸುತ್ತುತ್ತಾಳೆ. ನಗರಸಭೆಗೆ ಎರಡನೇ ಸಲ ನಿಂತಿದ್ದಳು.

"ಹೋದ ಸಲ ಸೋತ್ಯಲ್ಲಮ್ಮ, ಸಾಕಾಗ್ಲಿಲ್ವಾ?" ಅಂದಳು ಟೈಲರ್ ಅಕ್ಕ. "ಈ ವಾರ್ಡಿನ ಯಜಮಾನ್ರು ಇಪ್ಪತ್ತು ವರ್ಷದಿಂದ ನಗರಸಭೆ ಕುರ್ಚಿಗೆ ಅಂಟ್ಕೊಂಡಿದಾರೆ. ಬಟ್ಟೆ ಕಲೆನಾದ್ರೂ ಹೋಗುತ್ತೆ, ಅವರು ಹೋಗಲ್ಲ."

"ಒಂಬತ್ತು ಓಟಲ್ಲಿ ಸೋತೆ ಅಕ್ಕ. ಆ ಒಂಬತ್ತು ಜನ ಯಾರು ಅಂತ ಹುಡುಕ್ತಿದೀವಿ."

ಗೆಳತಿ ಒಂದೊಂದೇ ಹೆಸರು ಓದಿದಳು. ಟೈಲರ್ ಅಕ್ಕ ಕಿಟಕಿಯಾಚೆ ನೋಡುತ್ತ ಉತ್ತರಿಸಿದಳು.

"ಅವರು ತೀರ್ಕೊಂಡ್ರು. ಅವರ ಅಣ್ಣಾನೂ ಇಲ್ಲ. ಆ ಅಜ್ಜಿ ಹೋಗಿ ಯಾವ ಕಾಲ ಆಯ್ತು."

"ಎಲ್ಲರೂ ಹೋದ ಸಲ ಓಟು ಹಾಕಿದಾರೆ ಕಣೆ. ನೋಡು, ಗುರುತು."

ಹೊರಗೆ ರಣಬಿಸಿಲು. ಆದರೂ ಖಾಲಿ ಬೀದಿಯಲ್ಲಿ ಯಾರೋ ಉಸಿರು ಬಿಗಿಹಿಡಿದು ಸರದಿಯಲ್ಲಿ ನಿಂತಂತೆ ಅವಳಿಗೆ ಅನ್ನಿಸಿತು.

ಹನ್ನೆರಡನೆಯ ಹೆಸರು ಅವಳ ಗಂಡನದು. ಅಲ್ಲಿಯೂ ಗುರುತಿತ್ತು.

"ಮರಣಪತ್ರದ ನಕಲು ಇಟ್ಟು ಒಂದು ಅರ್ಜಿ ಕೊಟ್ರೆ ಹೆಸರು ತೆಗೀತಾರೆ," ಗೆಳತಿ ಮೆಲ್ಲಗೆ ಹೇಳಿದಳು.

"ಬ್ಯಾಂಕಲ್ಲಿ ತೆಗೆದ್ರು, ಮನೆಪತ್ರದಲ್ಲಿ ತೆಗೆದ್ರು. ನನ್ನ ಹೆಸರಿನ ಪಕ್ಕ ಅವರ ಹೆಸರಿರೋದು ಇದೊಂದೇ ಕಾಗದದಲ್ಲಿ. ಅದನ್ನೂ ನಾನೇ ಕೈಯಾರೆ ಅಳಿಸ್ಲಾ?"

ನರ್ಸ್ ಒತ್ತಾಯಿಸಲಿಲ್ಲ. "ಬೇಡ ಬಿಡಿ ಅಕ್ಕ. ಮತಗಟ್ಟೇಲಿ ನನ್ನ ಕಡೆ ಏಜೆಂಟಾಗಿ ಕೂರ್ತೀರಾ? ಈ ಬೀದಿಯವರ ಅಳತೆ ಎಲ್ಲಾ ನಿಮ್ಮ ಹತ್ರಾನೇ ಇದೆ."

"ದಿನವಿಡೀ ಕೂರೋದೇ ನನ್ನ ಕಸುಬು. ಬರ್ತೀನಿ. ಗೆಲ್ತೀಯ ಅಂತ ಮಾತ್ರ ನಂಬಿಲ್ಲ."

ಮತದಾನದ ದಿನ ಶಾಲೆಯ ಕೋಣೆ ತಣ್ಣಗಿತ್ತು. ಅಧಿಕಾರಿ ಹೆಸರು ಕೂಗುವುದು, ಅವಳು ಮುಖ ನೋಡಿ ತಲೆಯಾಡಿಸುವುದು, ಹೀಗೇ ಸಾಗಿತ್ತು. ಹತ್ತು ಗಂಟೆಗೆ ಅಧಿಕಾರಿ ಅವಳ ಗಂಡನ ಹೆಸರು ಕೂಗಿದರು.

ಆರು ವರ್ಷದಿಂದ ಆ ಹೆಸರನ್ನು ಯಾರೂ ಅವಳೆದುರು ಕೂಗಿ ಕರೆದಿರಲಿಲ್ಲ. ಅವಳ ತಲೆ ತಾನಾಗಿ ಬಾಗಿಲತ್ತ ತಿರುಗಿತು. ಬಂದರೇನೋ ಎಂದುಕೊಂಡಳು.

"ನಾನೇ," ಎಂದಿತು ಒಂದು ದನಿ.

ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡ ಗಂಡಸು. ತೋಳಿನ ಉದ್ದ ಬೇರೆ, ಭುಜದ ಇಳಿಜಾರು ಬೇರೆ. ಅವಳು ಹದಿನೆಂಟು ವರ್ಷ ಅಂಗಿ ಹೊಲಿದ ಮೈ ಅದಲ್ಲ.

ಎದ್ದು ನಿಂತಳು. ಈಗ ಹೇಳಬೇಕಾದ ಮಾತನ್ನು ಅವಳು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಆಡಿರಲಿಲ್ಲ.

"ಸರ್, ನನ್ನ ಆಕ್ಷೇಪಣೆ ಇದೆ. ಆ ಹೆಸರಿನವರು ನನ್ನ ಗಂಡ. ಸತ್ತುಹೋಗಿದಾರೆ."

ಆ ಮನುಷ್ಯ ಚೀಟಿ ಬಿಟ್ಟು ಹೊರಗೆ ನಡೆದ. ಅವನ ಹಿಂದೆ ಸರದಿಯಿಂದ ಇನ್ನೂ ಏಳೆಂಟು ಜನ ತಲೆ ತಗ್ಗಿಸಿ ಸದ್ದಿಲ್ಲದೆ ಕರಗಿದರು. ಯಾರ ಹೆಸರು ಹೇಳಲು ಬಂದಿದ್ದರೋ ಅವರಿಗೇ ಗೊತ್ತು.

ನರ್ಸ್ ನಾಲ್ಕು ಓಟಿನಿಂದ ಗೆದ್ದಳು. ಮರುವಾರ ಟೈಲರ್ ಅಕ್ಕ ತಾನೇ ಹೋಗಿ ಗಂಡನ ಹೆಸರು ತೆಗೆಸುವ ಅರ್ಜಿ ಕೊಟ್ಟಳು. ಜೊತೆಯಲ್ಲಿ ಹದಿನೆಂಟು ತುಂಬಿದ ಮಗಳ ಹೆಸರನ್ನೂ ಸೇರಿಸಿದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯಿಂದಲೂ ನಾಳೆ ಒಬ್ಬ ಹುಡುಗಿ ನಿಲ್ಲಬಹುದು. ಇದುವರೆಗೆ ಆ ಕುರ್ಚಿಯ ಹತ್ತಿರ ಯಾರೂ ಬಿಟ್ಟುಕೊಳ್ಳದ ಮನೆಯ ಹುಡುಗನೂ ಇರಬಹುದು. ನಗರಸಭೆಗೋ, ವಿಧಾನಸಭೆಗೋ. "ಒಳ್ಳೆಯವರು, ಪಾಪ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಪಟ್ಟಿ ತರಿಸಿ ಓದಿ. ಇಲ್ಲದವರ ಹೆಸರು ತೆಗೆಸಿ, ಇರುವವರ ಹೆಸರು ಸೇರಿಸಿ. ಹಾಗೆ ನಿಂತವರ ಜೊತೆ ನಾಲ್ಕು ಮನೆ ಹತ್ತಿಳಿಯಿರಿ, ಒಂದು ದಿನ ಮತಗಟ್ಟೆಯಲ್ಲಿ ಕೂತುಕೊಳ್ಳಿ. ನೀವು ಎದ್ದು ಮಾತಾಡದಿದ್ದರೆ, ನಿಮ್ಮ ಮನೆಯವರ ಹೆಸರಿಗೂ ಬೇರೆ ಯಾರೋ ಓಗೊಡುತ್ತಾರೆ.