ಇಲ್ಲದ್ದಕ್ಕೆ ಅಂಕ

“ಸಾರ್, ನಾನು ಯಾವ ವಿಷಯದಲ್ಲಿ ಫೇಲು?” ಎಂದು ಕೇಳಿದಳು ಹೊಲಿಗೆಯಾಕೆ, ಕೌಂಟರಿನ ಕಿಂಡಿಯೊಳಗೆ ಮುಖವನ್ನು ಆದಷ್ಟೂ ತೂರಿಸಿ.

ನಗರಸಭೆಯ ವಸತಿ ವಿಭಾಗಕ್ಕೆ ಅಂದು ಬೆಳಗಿನಿಂದ ಇಪ್ಪತ್ತಾರು ಜನ ಬಂದು ಬೈದು ಹೋಗಿದ್ದರು. ಬೈಗುಳಕ್ಕೆ ಗುಮಾಸ್ತನ ಬಳಿ ಉತ್ತರ ಸಿದ್ಧವಿತ್ತು. ಹೀಗೆ ಮಗುವಿನ ಪರೀಕ್ಷೆಯ ಫಲಿತಾಂಶ ವಿಚಾರಿಸುವ ತಾಯಿಯ ಹಾಗೆ ಕೇಳುವವರಿಗೆ ಇರಲಿಲ್ಲ. ಆಕೆಯ ಹೆಸರು ಪಟ್ಟಿಯಲ್ಲಿಲ್ಲವೆಂದು ಅವನಿಗೆ ಗೊತ್ತಿತ್ತು. ಯಾಕಿಲ್ಲವೆಂಬುದು ಇನ್ನೂ ಚೆನ್ನಾಗಿ ಗೊತ್ತಿತ್ತು. ಆದರೂ ಹಾಳೆಗಳನ್ನು ತಿರುವಿದ. ಬೆರಳುಗಳಿಗೆ ಏನಾದರೊಂದು ಕೆಲಸ ಬೇಕಿತ್ತು.

ಊರಂಚಿನಲ್ಲಿ ನಗರಸಭೆ ಕಟ್ಟಿಸಿದ ಮನೆಗಳು ಇನ್ನೂರ ನಲವತ್ತು, ಅರ್ಜಿಗಳು ಮೂರು ಸಾವಿರದ ಮೇಲೆ. ಆರು ವರ್ಷ ಎಳೆದಾಡಿದ ಆ ಕಟ್ಟಡಕ್ಕೆ ಲಿಫ್ಟಿನ ಗುಂಡಿ ಬಂದಿತ್ತು, ಲಿಫ್ಟು ಬಂದಿರಲಿಲ್ಲ. ನಲ್ಲಿ ಬಂದಿತ್ತು, ನೀರು ಬರುವುದರಲ್ಲಿತ್ತು. ಮನೆಗಳನ್ನು ಯಾರಿಗೆ ಕೊಡಬೇಕೆಂದು ತಲೆ ಕೆಡಿಸಿಕೊಳ್ಳುವ ತೊಂದರೆ ಬೇಡವೆಂದು ಮೇಲಿನ ಕಚೇರಿಯವರು ಒಂದು ಅಂಕಪದ್ಧತಿ ಕಳಿಸಿದ್ದರು. ಮಾಡು ಸೋರಿದರೆ ಹತ್ತು, ಗೋಡೆ ಬಿರಿದಿದ್ದರೆ ಹನ್ನೆರಡು, ಫ್ಯಾನಿಲ್ಲದಿದ್ದರೆ ನಾಲ್ಕು, ಬಂದವರಿಗೆ ಕೂರಲು ಕುರ್ಚಿಯಿಲ್ಲದಿದ್ದರೆ ಮೂರು. ಇಲ್ಲದ್ದಕ್ಕೆಲ್ಲ ಅಂಕ ಸಿಗುವ ಪರೀಕ್ಷೆ ಲೋಕದಲ್ಲಿ ಇದೊಂದೇ ಇರಬೇಕು.

ಮನೆಮನೆಗೆ ಹೋಗಿ ಈ ಪರೀಕ್ಷೆ ನಡೆಸಿದವನು ಈ ಗುಮಾಸ್ತನೇ. ಕಚೇರಿಯಲ್ಲಿ ಎಲ್ಲರೂ ಅವನನ್ನು ಚೊಕ್ಕ ಎಂದು ಕರೆಯುತ್ತಿದ್ದರು. ಅವನು ತುಂಬಿದ ನಮೂನೆಯಲ್ಲಿ ಒಂದು ಕಾಟೂ, ಒಂದು ತಿದ್ದುಪಡಿಯೂ ಇರುತ್ತಿರಲಿಲ್ಲ. ಈ ಸಲ ನಾನೂರ ಹನ್ನೆರಡು ನಮೂನೆಗಳು, ಎಲ್ಲವೂ ಮುತ್ತು ಪೋಣಿಸಿದಂತೆ. ಮೂರು ತಿಂಗಳಲ್ಲಿ ಬಡ್ತಿಯ ಕಡತ ಮೇಲೆ ಹೋಗುವುದರಲ್ಲಿತ್ತು.

ಎರಡು ತಿಂಗಳ ಹಿಂದೆ ಅವನು ಹೊಲಿಗೆಯಾಕೆಯ ಒಂಟಿ ಕೋಣೆಗೆ ಹೋಗಿದ್ದ. ಅಧಿಕಾರಿ ಬರುತ್ತಾರೆಂದು ಕೇಳಿ ಆಕೆ ಮಾನವಂತರು ಯಾರಾದರೂ ಮಾಡುವುದನ್ನೇ ಮಾಡಿದ್ದಳು: ಗೋಡೆಗೆ ಸುಣ್ಣ ಬಳಿದಿದ್ದಳು, ಎರಡು ಕುರ್ಚಿ ಹಾಕಿದ್ದಳು, ಮೂಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ಕಿಟಕಿಯೇ ಇಲ್ಲದ ಗೋಡೆಗೊಂದು ಹೂವಿನ ಪರದೆ ಇತ್ತು. ಅವನು ಚಹಾ ಕುಡಿಯುತ್ತ ‘ಗೋಡೆ: ಸುಸ್ಥಿತಿ’ ಎಂದು ಬರೆದ. ಅಷ್ಟರಲ್ಲಿ ಫ್ಯಾನು ಆ ಕಡೆ ತಿರುಗಿತು, ಪರದೆ ಎದ್ದಿತು, ನೆಲದಿಂದ ಮಾಡಿನವರೆಗೆ ಹರಿದ ಬಿರುಕು ಕಾಣಿಸಿತು. ಫ್ಯಾನು ಈ ಕಡೆ ತಿರುಗಿತು, ಪರದೆ ಮುಚ್ಚಿಕೊಂಡಿತು. ಅವನು ಚಹಾ ಮುಗಿಸಿದ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಪಕ್ಕದ ಮನೆಯಾಕೆಯ ದನಿ ಕೇಳಿತು: “ಹೋದ್ರಾ ಅವರು? ಫ್ಯಾನು ಕೊಡೇ ಇನ್ನು, ನಮ್ಮತ್ತೆ ಬೆವತು ನೀರಾಗಿದಾರೆ.”

ಒಂದು ಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಿದ್ದರೆ ಮುಗಿಯುತ್ತಿತ್ತು. ನಾಳೆ ನೋಡೋಣವೆಂದುಕೊಂಡ. ಮರುದಿನ ನಮೂನೆ ಕಂಪ್ಯೂಟರಿಗೆ ಹೋಗಿತ್ತು.

“ಕುರ್ಚಿ, ಫ್ಯಾನು, ಗೋಡೆ,” ಎಂದ ಈಗ, ತಲೆ ಎತ್ತದೆ. “ಅದರಲ್ಲಿ ನಿಮಗೆ ಅಂಕ ಬಂದಿಲ್ಲ ಅಮ್ಮ.”

“ಅಯ್ಯೋ, ಅವೆಲ್ಲ ಚೆನ್ನಾಗಿಯೇ ಇಟ್ಟಿದ್ನಲ್ಲ ಸಾರ್.”

“ಚೆನ್ನಾಗಿದ್ರೆ ಅಂಕ ಇಲ್ಲ. ಇಲ್ಲದೇ ಇದ್ರೆ ಅಂಕ.”

ಆಕೆ ಅವನ ಮುಖವನ್ನೂ ಹಾಳೆಯನ್ನೂ ನೋಡಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿ ನಕ್ಕುಬಿಟ್ಟಳು. “ಇದನ್ನ ಮೊದಲೇ ಹೇಳಬಾರದಿತ್ತಾ? ಸುಣ್ಣಕ್ಕೆ ಎರಡು ದಿನ ಕೈ ಉರೀತು.” ನಗು ನಿಂತಿತು. “ಬರೋ ತಿಂಗಳು ಮಾಲೀಕ ನಮ್ಮ ಕೋಣೆಗಳ ಸಾಲನ್ನೇ ಕೆಡವ್ತಾನಂತೆ ಸಾರ್. ಮಗಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?”

ಅವನು ಆಕ್ಷೇಪಣೆಯ ನಮೂನೆ ತೆಗೆದ. ಅದರಲ್ಲಿ ಎರಡು ಚೌಕಗಳಿದ್ದವು: ‘ಕಚೇರಿಯ ತಪ್ಪು’, ‘ಅರ್ಜಿದಾರರ ತಪ್ಪು ಮಾಹಿತಿ’. ಎರಡನ್ನೂ ಗಟ್ಟಿಯಾಗಿಯೇ ಓದಿ ಹೇಳಿದ.

“ಕಚೇರಿದೇನು ತಪ್ಪು ಸಾರ್? ಕಂಡದ್ದು ಬರೆದಿದೀರಿ. ಕುರ್ಚಿ ತಂದಿಟ್ಟ ಮಹಾರಾಯಿತಿ ನಾನು. ನನ್ನದೇ ಅಂತ ಹಾಕಿ.”

ನಮೂನೆಯ ಹಿಂದೆ ಸಣ್ಣಕ್ಷರದಲ್ಲಿ, ತಪ್ಪು ಮಾಹಿತಿ ಕೊಟ್ಟವರು ಈ ಪಟ್ಟಿಗೆ ಅನರ್ಹರು, ಮರುಪರಿಶೀಲನೆಯ ಅಧಿಕಾರಿ ಮನಸ್ಸು ಮಾಡಿದರೆ ವಿನಾಯಿತಿ ಎಂದಿತ್ತು. ಮೊದಲ ಚೌಕಕ್ಕೆ ಗುರುತು ಬಿದ್ದರೆ ಪರಿಶೀಲಿಸಿದ ನೌಕರ ಲಿಖಿತ ವಿವರಣೆ ಕೊಡಬೇಕೆಂದೂ ಇತ್ತು. ಅವನು ಹಾಳೆ ತಿರುಗಿಸಲಿಲ್ಲ. ಎರಡನೆಯ ಚೌಕದಲ್ಲಿ ಗುರುತು ಹಾಕಿದ. ಸೂಪರಿಂಟೆಂಡೆಂಟ್ ಸಾಹೇಬರು ಒಳ್ಳೆಯವರು, ವಿನಾಯಿತಿ ಕೊಟ್ಟೇ ಕೊಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಆಕೆ ಸಹಿ ಮಾಡಿ, “ನಿಮ್ಮಿಂದ ದೊಡ್ಡ ಉಪಕಾರವಾಯ್ತು ಸಾರ್,” ಎಂದು ಹೋದಳು. ಅಂದು ಅವನಿಗೆ ಊಟ ಸೇರಲಿಲ್ಲ. ಬೈದು ಹೋದ ಇಪ್ಪತ್ತಾರು ಜನರೇ ವಾಸಿ ಎನಿಸಿತು.

ಗುರುವಾರ ಸೂಪರಿಂಟೆಂಡೆಂಟರು ಮರುಪರಿಶೀಲನೆಗೆಂದು ಜೀಪಿನಲ್ಲಿ ಅವನನ್ನೂ ಕರೆದುಕೊಂಡು ಹೊರಟರು. ಮೂವತ್ತು ವರ್ಷ ಇದೇ ವಿಭಾಗದಲ್ಲಿ ಸವೆದ ಮನುಷ್ಯ. ಹೊಲಿಗೆಯಾಕೆಯ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದವರೇ, “ಓಹೋ,” ಎಂದರು.

ಕೋಣೆ ಬಟ್ಟಂಬಯಲಾಗಿತ್ತು. ಕುರ್ಚಿಯಿಲ್ಲ, ಫ್ಯಾನಿಲ್ಲ ಸರಿ. ಹಾಸಿಗೆಯೂ ಇಲ್ಲ, ಒಲೆಯೂ ಇಲ್ಲ, ಒಂದು ಲೋಟವೂ ಇಲ್ಲ. ನಡುವೆ ಹೊಲಿಗೆಯಾಕೆ ಕೈ ಕಟ್ಟಿ ನಿಂತಿದ್ದಳು, ಎಲ್ಲ ಪಾಠ ಒಪ್ಪಿಸಬಲ್ಲ ವಿದ್ಯಾರ್ಥಿನಿಯ ಭರವಸೆಯಲ್ಲಿ. ಅವಳು ಒಂದು ಸಲ ಚೊಕ್ಕನತ್ತ ನೋಡಿದಳು. ನೀವು ಹೇಳಿದ ಹಾಗೇ ಮಾಡಿದ್ದೇನೆ ಎಂಬಂತಿತ್ತು ಆ ನೋಟ.

“ಅಡುಗೆ ಎಲ್ಲಿ ಮಾಡ್ತೀರಮ್ಮ?” ಎಂದರು ಸೂಪರಿಂಟೆಂಡೆಂಟರು.

“ಹೀಗೇ... ಹೊರಗೆ ಸಾರ್.”

“ಕಸುಬು ಹೊಲಿಗೆ ಅಂತ ಬರೆದಿದೆ. ಮೆಷಿನ್?”

“ಮಾರಿಬಿಟ್ಟೆ ಸಾರ್.”

ಆ ಮಾತು ಮುಗಿಯುವುದಕ್ಕೂ ಪಕ್ಕದ ಮನೆಯಲ್ಲಿ ಹೊಲಿಗೆ ಮೆಷಿನ್ ಕಟಕಟ ಓಡುವುದಕ್ಕೂ ಸರಿಹೋಯಿತು. ಸಂಜೆಯೊಳಗೆ ಒಪ್ಪಿಸಬೇಕಾದ ಬಟ್ಟೆಯಿರಬೇಕು. ಮೂವರೂ ಆ ಸದ್ದನ್ನು ಅದು ನಿಲ್ಲುವವರೆಗೆ ಕೇಳಿಸಿಕೊಂಡರು.

“ಮಾರಿದ್ದು ಬಹಳ ದೂರ ಹೋಗಿಲ್ಲ,” ಎಂದರು ಸೂಪರಿಂಟೆಂಡೆಂಟರು. ಆಕೆ ತಲೆ ತಗ್ಗಿಸಿದಳು.

ಅವರು ಗೋಡೆಯ ಬಳಿ ಹೋದರು. ಪರದೆಯಿರಲಿಲ್ಲ. ಬಿರುಕಿನಲ್ಲಿ ಮೂರು ಬೆರಳು ಇಳಿಸಿ, ತೆಗೆದು, ಕರವಸ್ತ್ರದಲ್ಲಿ ಒರೆಸಿಕೊಂಡರು. “ಈ ಗೋಡೆಯೊಂದು ನಿಜ. ಕಚೇರಿಯ ತಪ್ಪು ಅಂತ ಅರ್ಜಿ ಬಂದಿದ್ರೆ ಇಲ್ಲೇ ನಿಂತು ಮಂಜೂರು ಮಾಡ್ತಿದ್ದೆ ನೋಡಮ್ಮ. ಆದರೆ ನೀನೇ ಬರೆದುಕೊಟ್ಟಿದೀಯ. ಹೋದ ಸಲ ಇಲ್ಲದ್ದನ್ನ ಇದೆ ಅಂದೆ, ಈ ಸಲ ಇದ್ದದ್ದನ್ನ ಇಲ್ಲ ಅಂತೀಯ. ಇದಕ್ಕೆ ವಿನಾಯಿತಿ ಕೊಟ್ರೆ ನಾಳೆ ನನ್ನನ್ನ ಕೇಳ್ತಾರೆ.” ಚೊಕ್ಕನ ಕಡೆ ತಿರುಗಿದರು. “ನೀನು ಬಂದಾಗ ಈ ಬಿರುಕು ಕಂಡಿತ್ತೇನಯ್ಯಾ?”

ಅವನು ಗೋಡೆಯತ್ತ ನೋಡಿದ. ಆಕೆಯೇ ಮುಂದೆ ಬಂದಳು. “ಅವರಿಗೆ ಹೇಗೆ ಕಾಣುತ್ತೆ ಸಾರ್? ನಾನೇ ಪರದೆ ಹಾಕಿದ್ದೆ. ಅವರನ್ನೇನೂ ಅನ್ನಬೇಡಿ.”

“ಹೌದೇನಯ್ಯಾ?”

“ಪರದೆ ಇತ್ತು ಸಾರ್,” ಎಂದ ಚೊಕ್ಕ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸೂಪರಿಂಟೆಂಡೆಂಟರು ಬಾಗಿಲಿಗೆ ಹಾಳೆ ಒತ್ತಿ ಹಿಡಿದು ಎರಡು ಸಾಲು ಬರೆದರು. “ಪಾಪ ಅನ್ಸುತ್ತೆ. ಆದರೆ ಪಾಪಕ್ಕೆ ಇದರಲ್ಲಿ ಕಾಲಂ ಇಲ್ಲ,” ಎಂದು ಜೀಪಿನತ್ತ ನಡೆದರು.

ಚೊಕ್ಕ ಹೊಸ್ತಿಲಲ್ಲೇ ನಿಂತಿದ್ದ. ಏನಾದರೂ ಹೇಳಬೇಕಿತ್ತು. ಆಕ್ಷೇಪಣೆ ಸಲ್ಲಿಸಲು ಇನ್ನೂ ಎರಡು ದಿನವಿದೆ, ಮೊದಲ ಚೌಕಕ್ಕೆ ಗುರುತು ಹಾಕಿ ಮತ್ತೊಂದು ಕೊಡಬಹುದು ಎಂಬುದು ಅವನಿಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಆಕೆ ಮೂಗೊರೆಸಿಕೊಂಡು ಅವನನ್ನು ಸುತ್ತಿ ಹೊರಗೆ ಹೋದಳು, ಹೋದವಳು ತಿರುಗಿದಳು.

“ಸಾರ್, ತಪ್ಪು ತಿಳೀಬೇಡಿ. ಮೆಷಿನ್ ಒಳಗೆ ತರ್ಬೇಕು. ನೆನ್ನೆ ನಾನೂ ಮಗಳೂ ಎಳ್ಕೊಂಡು ಹೋಗಿ ಸೊಂಟ ಹೋಗಿದೆ. ಒಂದು ಕಡೆ ಹಿಡ್ಕೋತೀರಾ?”

ಪಕ್ಕದ ಮನೆಯಾಕೆ ಮೆಷಿನ್ ಬಿಟ್ಟೆದ್ದು, ಅವನ ಮುಖ ನೋಡದೆ ದಾರಿ ಬಿಟ್ಟಳು. ಸೂಜಿಯ ಕೆಳಗೆ ಅರ್ಧ ಹೊಲಿದ ಶಾಲೆಯ ಲಂಗವೊಂದು ಹಾಗೇ ಸಿಕ್ಕಿಕೊಂಡಿತ್ತು. ಇಬ್ಬರೂ ಎತ್ತಿದರು. ಕಬ್ಬಿಣದ ಕಾಲು ಅವನೆಣಿಸಿದ್ದಕ್ಕಿಂತ ಭಾರವಿತ್ತು. ಓಣಿಯ ತಿರುವಿನಲ್ಲಿ ಜೀಪು ಒಮ್ಮೆ ಹಾರನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು.

“ಹೋಗಿ ಸಾರ್, ಅವರು ಕಾಯ್ತಿದಾರೆ. ಇಲ್ಲೇ ಇಳಿಸಿ, ಆಮೇಲೆ ನೋಡ್ಕೋತೀನಿ.”

ಅವನು ಇಳಿಸಲಿಲ್ಲ. ಲಂಗದ ಅಂಚು ನೆಲಕ್ಕೆ ತಾಗುತ್ತಿತ್ತು. ಬಿಡುವಾಗಿದ್ದ ಎರಡು ಬೆರಳಲ್ಲಿ ಅದನ್ನೆತ್ತಿ ಹೆಗಲ ಮೇಲೆ ಹಾಕಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ, ಹಿಮ್ಮುಖವಾಗಿ ಒಳಗೆ ನಡೆದ.